ಅವಳ ಉಬ್ಬಸ, ನನ್ನ ಉಬ್ಬಸ

ನಾವಿಬ್ಬರೂ ಒಂದೇ ಶಾಲೆಯಲ್ಲಿ ಟೀಚರುಗಳು. ಅವಳು ಕುದ್ರೋಳಿಯ ಬ್ಯಾರಿ ಮನೆತನದ ಸೊಸೆ, ನಾನು ದೇರೆಬೈಲಿನಲ್ಲಿ ಹೋಟೆಲ್ ನಡೆಸುವ ತುಳು ಮನೆಯ ಮಗಳು. ಇಬ್ಬರಿಗೂ ಉಬ್ಬಸ, ಇಬ್ಬರಿಗೂ ಒಬ್ಬರೇ ಡಾಕ್ಟರು, ಉಸಿರಿಗೆ ಎಳೆದುಕೊಳ್ಳುವ ಒಂದೇ ಬಣ್ಣದ ಪಂಪು.

ರಂಜಾನ್ ಉಪವಾಸದ ತಿಂಗಳಲ್ಲಿ ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದವಳೇ ಸ್ಟಾಫ್ ರೂಮಿನ ಬೆಂಚಿನ ಮೇಲೆ ಕುಸಿದಳು. ಎದೆಯಿಂದ ಸೀಟಿ ಊದಿದ ಹಾಗೆ ಸದ್ದು. ನಾನು ಪಂಪು ಮುಂದೆ ಹಿಡಿದೆ. ಬೇಡ ಅಂತ ಕೈ ಆಡಿಸಿದಳು.

"ನೋಂಬು ಮುರಿಯುತ್ತದೆ."

"ಡಾಕ್ಟರ ಹತ್ತಿರವಾದರೂ ಹೋಗುವಾ."

"ಬೇಡ ಮಾರಾಯ್ತಿ, ಮನೆಗೆ ಬಿಡು."

ಒತ್ತಾಯ ಮಾಡಬೇಕೋ ಬಿಡಬೇಕೋ ಗೊತ್ತಾಗಲಿಲ್ಲ. ಅವಳ ನಂಬಿಕೆಗೆ ನಾನು ಕೈ ಹಾಕುವುದೇ? ರಿಕ್ಷಾ ಹಿಡಿದು ಕುದ್ರೋಳಿಗೆ ಕರೆದುಕೊಂಡು ಹೋದೆ.

ಬಾಗಿಲಲ್ಲಿ ನಿಂತಿದ್ದ ಅವಳ ಅತ್ತೆಗೆ ವಿಷಯ ಹೇಳಿದೆ. ಬೈಯಬಹುದು ಅಂದುಕೊಂಡಿದ್ದೆ. ಬೈದದ್ದು ಹೌದು, ಆದರೆ ಸೊಸೆಗೆ. ಬ್ಯಾರಿ ಭಾಷೆಯಲ್ಲಿ ಗದರುತ್ತಾ ಬ್ಯಾಗಿನಿಂದ ಪಂಪು ತೆಗೆದು ತಾವೇ ಅವಳ ಬಾಯಿಗೆ ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಂಬು ಆಮೇಲೆ ಹಿಡಿಯಬಹುದು ಟೀಚರೇ. ಇವಳಿಗೆ ಎಷ್ಟು ಸಲ ಹೇಳುವುದು?" ಎಂದರು.

ಉಸಿರು ಸರಿಯಾದ ಮೇಲೆ ಅವಳು ಕಣ್ಣೊರೆಸಿಕೊಂಡು ಕೇಳಿದಳು: "ನನಗೆ ಬುದ್ಧಿ ಹೇಳ್ತೀಯಲ್ಲ, ನೀನು ಯಾಕೆ ಟಾಯ್ಲೆಟ್ಟಿನ ಬಾಗಿಲು ಹಾಕಿಕೊಂಡು ಪಂಪು ತೆಗೊಳ್ಳುವುದು?"

"ಗಂಡು ಹುಡುಕ್ತಾ ಇದ್ದಾರೆ. ಯಾರಿಗೂ ಗೊತ್ತಾಗಬಾರದು ಅಂತ ಅಮ್ಮ ಹೇಳಿದ್ದಾರೆ. ನಮ್ಮಲ್ಲಿ ಹಾಗೆ."

"ಹಾಗೆ ಅಂದರೆ ಎಂತ? ನಿಮ್ಮ ದೇವರು ಬೇಡ ಅಂದಿದ್ದಾರಾ?"

ಇಲ್ಲ. ದೇವರು ಏನೂ ಹೇಳಿರಲಿಲ್ಲ. ಮತ್ತೆ ಅಮ್ಮನಿಗೆ ಯಾರು ಹೇಳಿದ್ದು ಅಂತ ಯೋಚಿಸಿದಷ್ಟೂ ತಲೆ ಗೋಜಲಾಯಿತು.

ಮುಂದಿನ ಭಾನುವಾರ ಗಂಡಿನ ಕಡೆಯವರು ಬಂದರು. ಅಮ್ಮ ಊದುಬತ್ತಿ ಹಚ್ಚಿದ್ದರು. ಹೊಗೆಗೆ ಕೆಮ್ಮು ಶುರುವಾಗಿ ನಿಲ್ಲಲೇ ಇಲ್ಲ. ಒಳಗೆ ಹೋಗು ಅಂತ ಅಮ್ಮ ಕಣ್ಣಲ್ಲೇ ಹೇಳಿದರು. ನಾನು ಹೋಗಲಿಲ್ಲ. ಅಲ್ಲೇ, ಎಲ್ಲರ ಎದುರಿಗೇ ಪಂಪು ತೆಗೆದು ಎಳೆದುಕೊಂಡೆ. "ನನಗೆ ಉಬ್ಬಸ ಉಂಟು" ಎಂದೆ. ಬಂದವರು ಚಹಾ ಕುಡಿದು, ಫೋನ್ ಮಾಡ್ತೇವೆ ಅಂತ ಎದ್ದರು. ಅಮ್ಮನ ಸಿಟ್ಟು ಎರಡು ದಿನ ಇಳಿಯಲಿಲ್ಲ.

ಫೋನು ಬಂತು, ಅಮ್ಮ ಎತ್ತಿದರು. ಸಂಬಂಧ ಬೇಡವಂತೆ. ಆದರೆ ಇಡುವ ಮೊದಲು ಹುಡುಗನ ತಾಯಿ ತಗ್ಗಿದ ದನಿಯಲ್ಲಿ ನನ್ನ ಡಾಕ್ಟರು ಯಾರು ಅಂತ ಕೇಳಿದರು. ಅವರ ಮಗಳಿಗೂ ಉಬ್ಬಸ ಉಂಟಂತೆ, ಯಾರಿಗೂ ಹೇಳಿಲ್ಲವಂತೆ.

ಅಮ್ಮ ರಿಸೀವರ್ ಹಿಡಿದುಕೊಂಡೇ ನಿಂತರು, ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯದವರ ಹಾಗೆ. ಮರುದಿನ ಗೆಳತಿಗೆ ಹೇಳಿದೆ. "ಮತ್ತೆ ಬೇಡ ಅಂದದ್ದು ಯಾಕೆ?" ಎಂದಳು. ನನಗೂ ಅದೇ ಅರ್ಥವಾಗಿರಲಿಲ್ಲ.