ತಂಗಿಯ ಕಣ್ಣು, ನನ್ನ ಶುಕ್ರವಾರಗಳು

ನನ್ನ ತಂಗಿಯನ್ನು ಹೊತ್ತಿಗೆ ಸರಿಯಾಗಿ ಕಣ್ಣಿನ ದವಾಖಾನೆಗೆ ನಾನು ಕರೆದುಕೊಂಡು ಹೋಗಲಿಲ್ಲ. ಮೂರು ಸಲ ಕೇಳಿದ್ದಳು. ಅವಳ ಎಡಗಣ್ಣು ಈಗ ಕಾಣುವುದಿಲ್ಲ. ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವನು ನಾನು; ಚಂದ ಮಾಡಿ ಬರೆಯಲು ಬಾರದು. ಆದದ್ದನ್ನು ಆದಂತೆ ಬರೆಯುತ್ತೇನೆ.

ನಮ್ಮದು ಗಡಿಯಾಚೆ ಮಹಾರಾಷ್ಟ್ರದ ಜತ್ತ ತಾಲೂಕಿನ ಉಟಗಿ ಕಡೆಯ ಹಳ್ಳಿ. ಊರಲ್ಲಿರುವ ನಾವು ಕೆಲವೇ ಮನೆಯ ಕ್ರೈಸ್ತರು ಶುಕ್ರವಾರ ಉಪವಾಸವಿದ್ದು ಒಬ್ಬರ ಮನೆಯಲ್ಲಿ ಕೂಡುತ್ತೇವೆ. ಪ್ರತಿಯೊಬ್ಬರೂ ತಮ್ಮ ಚಿಂತೆಯನ್ನು ಬಾಯಿಬಿಟ್ಟು ಹೇಳಬೇಕು. ಪಾಸ್ಟರು ಪ್ರಾರ್ಥಿಸಿ, "ಇನ್ನ ಇದು ನಿಮ್ಮದಲ್ಲ, ಕರ್ತಂದು" ಅನ್ನುತ್ತಾರೆ. ಆಮೇಲೆ ಆ ಮಾತನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ಇಳಿಸಿದ ಭಾರವನ್ನು ಮತ್ತೆ ಹೊತ್ತಂತೆ.

ಗಂಡ ತೀರಿಕೊಂಡ ಮೇಲೆ ತಂಗಿ ನಮ್ಮ ಮನೆಯಲ್ಲೇ ಇದ್ದಾಳೆ. ಒಂದು ಶುಕ್ರವಾರ, ಕಣ್ಣು ನೋಯುತ್ತದೆ, ಬಲ್ಬಿನ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದಳು. ಪ್ರಾರ್ಥನೆ ಆಯಿತು. ಮರುದಿನವೇ ನನ್ನ ಹತ್ತಿರ ಬಂದಳು.

"ಅಣ್ಣಾ, ಮಿರಜಿನ ಕಣ್ಣಿನ ದವಾಖಾನಿಗಿ ಒಮ್ಮೆ ಕರಕೊಂಡು ಹೋಗೋ. ಎಸ್.ಟಿ. ಬಸ್ಸಿನ ಬೋರ್ಡು ನನಗ ಕಾಣವಲ್ದು."

"ನಿನ್ನಿ ಇಳಿಸೀದಿ, ಇವತ್ತ ಮತ್ತ ಹೊತಗೊಂಡಿ. ವಿಶ್ವಾಸ ಇಲ್ಲೇನ ನಿನಗ?"

"ವಿಶ್ವಾಸ ಐತಿ. ಕಣ್ಣೇ ಇಲ್ಲ," ಎಂದು ನಕ್ಕಳು. ನಾನೂ ನಕ್ಕೆ.

ನನ್ನದು ವಿಶ್ವಾಸವಾಗಿರಲಿಲ್ಲ. ಡಾಕ್ಟರು ಏನು ಹೇಳಿಬಿಡುತ್ತಾರೋ ಎಂಬ ಹೆದರಿಕೆ. ಅವಳ ಗಂಡನನ್ನೂ ದವಾಖಾನೆಗೆ ನಾನೇ ಕರೆದೊಯ್ದಿದ್ದೆ. ಆತ ಬದುಕಿ ಮರಳಲಿಲ್ಲ. ಕೇಳದಿದ್ದರೆ ರೋಗವೇ ಇಲ್ಲ ಎಂದುಕೊಂಡೆ.

ಮತ್ತೆರಡು ಸಲ ಕೇಳಿದಳು. ಕುರಿಗಳ ಉಣ್ಣೆ ಕತ್ತರಿಸುವುದಿದೆ ಅಂದೆ. ಕೊನೆಗೆ ಪಕ್ಕದ ಮನೆಯ ಚಾಚಿ, ಬಟ್ಟೆ ಹೊಲಿಯುವಾಕೆ, ತನ್ನ ಕೆಲಸ ಬಿಟ್ಟು ಅವಳನ್ನು ಜೀಪು ಹತ್ತಿಸಿದಳು. ಹೊರಡುವಾಗ ನನ್ನನ್ನು ನೋಡಿ, "ಗಾಡಿ ಹತ್ತಬ್ಯಾಡ ಅಂತ ನಿಮ್ಮ ದೇವರು ಹೇಳ್ಯಾನೇನೋ?" ಎಂದಳು. ನಾನು ಕುರಿಹಟ್ಟಿಗೆ ಹೋದೆ.

ಎಡಗಣ್ಣಿನ ನರ ಒಣಗಿದೆ, ಮೊದಲೇ ಬಂದಿದ್ದರೆ ಉಳಿಯುತ್ತಿತ್ತು ಎಂದರಂತೆ ಡಾಕ್ಟರು. ಬಲಗಣ್ಣಿಗೆ ದಿನಾ ಎರಡು ಹೊತ್ತು ಔಷಧದ ಹನಿ. ನಾನೇ ಬಿಡುತ್ತೇನೆ. ಅವಳು ಒಮ್ಮೆಯೂ ಬಯ್ಯಲಿಲ್ಲ. ಭಾರ ಇಳಿಸಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾಳೆ. ಉಳಿದ ಕಣ್ಣೂ ಹೋದರೆ ಎಂದು ಕುದಿಯುವವನು ನಾನು. ಶುಕ್ರವಾರ ನನ್ನ ಸರದಿ ಬಂದರೆ "ಮಳಿ ಬರಲಿ" ಎಂದಷ್ಟೇ ಹೇಳಿ ಕೂತುಬಿಡುತ್ತಿದ್ದೆ. ತಪ್ಪನ್ನು ಬಚ್ಚಿಟ್ಟುಕೊಂಡು ಚಿಂತೆಯನ್ನಷ್ಟೇ ದೇವರ ಕೈಗೆ ಕೊಡಲು ನನ್ನಿಂದ ಆಗಲಿಲ್ಲ.

ಹೋದ ಶುಕ್ರವಾರ ಪಾಸ್ಟರು, "ನಿಮ್ದೇನ್ರಿ?" ಎಂದರು. ಹೆಂಗಸರ ನಡುವೆ ಕೂತಿದ್ದ ತಂಗಿಯ ಕಡೆ ತಿರುಗಿದೆ. ಅವಳ ಕಣ್ಣಿನ ಸುದ್ದಿ ತೆಗೆದೆ. ಆ ಮಾತು ಬೇಡವೆಂಬಂತೆ ಯಾರೋ ಕೆಮ್ಮಿದರು. ನಾನು ನಿಲ್ಲಿಸಲಿಲ್ಲ.

"ತಂಗೆವ್ವಾ, ವಿಶ್ವಾಸ ಕಡಿಮಿ ಇದ್ದದ್ದು ನಿನಗಲ್ಲ, ನನಗ. ನಾನು ಅಂಜಿದ್ನಿ. ಅಂಜಿ, ದೇವರ ಹೆಸರು ಮುಂದ ಮಾಡಿ ನಿನ್ನ ತಡದ್ನಿ. ನಿನ್ನ ಕಣ್ಣು ನನ್ನಿಂದ ಹೋತವಾ. ತಪ್ಪಾತು. ನನ್ನ ಕ್ಷಮಿಸು."