ಸಮುದ್ರ ಹಂಚಲು ಕಲಿಸಿದ ಮಾಸ್ತರು

ಅವರ ಪೈಜಾಮಗಳೆಲ್ಲ ಮೊಣಕಾಲಿನ ಹತ್ತಿರ ಸವೆದು ಜಾಳಾಗಿರುತ್ತಿದ್ದವು. ನೆಲಕ್ಕೆ ನಕಾಶೆ ಹಾಸಿ, ಅದರ ಮೇಲೆ ಕೂಸಿನ ಹಾಗೆ ಅಂಬೆಗಾಲಿಟ್ಟು ಸವೆಸಿದ್ದು. ತೆಲುಗು ನಾಡಿನ ಈ ದೊಡ್ಡ ಶಹರದಲ್ಲಿ, ತಾರ್ನಾಕದ ಅವರ ಮನೆಯಲ್ಲಿ ಅಡುಗೆ ನನ್ನದು. ನಾನು ಕಲಬುರ್ಗಿ ಕಡೆಯವಳು, ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ಅವರು ಕಾರವಾರದ ಕಡೆಯವರು, ಸಮುದ್ರದ ಕಾನೂನು ಕಲಿಸಿ ನಿವೃತ್ತರಾದವರು. ನಾನು ಮಾಸ್ತರು ಎನ್ನುತ್ತಿದ್ದೆ.

ನನ್ನ ಮೊಮ್ಮಗಳು ಲಾ ಓದುತ್ತಿದ್ದಳು. ಅದೇ ಸಮುದ್ರದ ಪೇಪರಿನಲ್ಲಿ ಎರಡು ಸಲ ಫೇಲಾದಳು. ಅವಳಪ್ಪ, ಅಂದರೆ ಸೆಂಟ್ರಿಂಗ್ ಕೆಲಸದ ನನ್ನ ಮಗ, "ಓದಿದ್ದು ಸಾಕು. ಪಟಾನ್‌ಚೆರು ಗುಳಿಗಿ ಫ್ಯಾಕ್ಟರಿಗೆ ನಡಿ" ಎಂದ. ಹುಡುಗಿ ಊಟ ಬಿಟ್ಟಳು. ನಾನು ರೊಟ್ಟಿ ಬಡಿಯುತ್ತಲೇ ಮಾಸ್ತರ ಮುಂದೆ ಅತ್ತೆ. ಮರುದಿನ ಅವರು ಬಸ್ಸು ಹತ್ತಿ ಕೂಕಟ್‌ಪಲ್ಲಿಯ ನಮ್ಮ ಖೋಲಿಗೇ ಬಂದರು.

"ಮೂರು ತಿಂಗಳು ಹುಡುಗೀನ ನನ್ನ ಹತ್ರ ಕಳಿಸಪ್ಪ. ಆಮೇಲೂ ಫೇಲಾದ್ರೆ ಫ್ಯಾಕ್ಟರಿ ಬಸ್ಸಿಗೆ ನಾನೇ ಹತ್ತಿಸ್ತೀನಿ" ಎಂದರು.

ಮಗ ತಲೆ ಕೆರೆದುಕೊಂಡ. "ನೀವ ಹೇಳಿದ ಮ್ಯಾಲ ನಾ ಏನ್ ಅನ್ಲಿರಿ ಸರ?"

ದಿನಾ ಸಂಜೆ ಪಾಠ. ಒಂದು ದಿನ ಮಾಸ್ತರು ನನ್ನ ಜೋಳವನ್ನೇ ಚಾಪೆಯ ಮೇಲೆ ಹರಡಿ ಸಮುದ್ರ ಮಾಡಿದ್ದರು. ಆಚೆ ಒಂದು ತಟ್ಟೆ, ಈಚೆ ಒಂದು ತಟ್ಟೆ. ಎರಡೂ ದ್ವೀಪದ ದೇಶಗಳಂತೆ. ಜೋಳ ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ನಡುವೆ ಕಂಡ ಕಲ್ಲನ್ನು ಆರಿಸಿ ಕಿಟಕಿಯಾಚೆ ಒಗೆದೆ.

"ಆಯಿ, ಅದು ದ್ವೀಪ ಐತಿ" ಎಂದು ಮೊಮ್ಮಗಳು ಬಾಯಿ ಬಾಯಿ ಬಡಿದುಕೊಂಡಳು.

"ದ್ವೀಪ ಇದ್ರ ಹಲ್ಲ ಮುರಿಯಂಗಿಲ್ಲೇನು?"

ಮಾಸ್ತರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಇನ್ನೊಂದು ಕಲ್ಲು ತರಿಸಿದರು. ಎರಡೂ ತಟ್ಟೆಗಳಿಂದ ಸಮ ದೂರದಲ್ಲಿ, ಜೋಳದ ನಡುವೆ ಬೆರಳಿನಿಂದ ಗೆರೆ ಎಳೆದರು. ಆಮೇಲೆ ಕಲ್ಲಿಟ್ಟು, ಅದನ್ನೂ ಒಂದು ದೇಶದ ದಡವೆಂದು ಹಿಡಿದು ಎಳೆದರು. ಗೆರೆ ಇನ್ನೊಂದು ದೇಶದ ತಟ್ಟೆಯ ಹತ್ತಿರಕ್ಕೇ ಸರಿಯಿತು.

"ನೋಡು, ಒಂದು ಕಲ್ಲಿಗೆ ಎಷ್ಟು ನೀರು ಹೋಯ್ತು. ಅದರ ಮೇಲೆ ಕುಡಿಯೋ ನೀರಿಲ್ಲ, ಜನ ಬದುಕೋ ಹಾಗಿಲ್ಲ. ಅಂಥ ಬಂಡೆ ಸುತ್ತಮುತ್ತ ಚೂರು ಕೇಳಬಹುದು, ಅರ್ಧ ಸಮುದ್ರ ಕೇಳೋ ಹಾಗಿಲ್ಲ. ನಿಮ್ಮಜ್ಜಿ ಒಗೆದದ್ದು ಪೂರಾ ತಪ್ಪಲ್ಲ."

"ಮೊದಲು ದಡ ಯಾವುದು ಅಂತ ಒಪ್ಪಿಕೊಳ್ಳಿ, ನೀರು ಹಂಚೋದು ಆಮೇಲೆ" ಎಂಬುದು ಅವರ ಮಾತು. ಪಕ್ಕದ ಮನೆಯವರು ಪಾರ್ಕಿಂಗಿಗೆ ಜಗಳಾಡಿದರೂ ಅದನ್ನೇ ಹೇಳಿ ಬೈಸಿಕೊಳ್ಳುತ್ತಿದ್ದರು.

ಹುಡುಗಿ ಪಾಸಾದಳು. ಅವಳು ಕರಿ ಕೋಟು ಹಾಕುವುದರೊಳಗೆ ಮಾಸ್ತರು ತೀರಿಕೊಂಡರು. ಆಮೇಲೆ ಅವಳು ಸಣ್ಣದೊಂದು ದ್ವೀಪ ದೇಶದ ಕಚೇರಿಗೆ ಕೆಲಸಕ್ಕೆ ಹೋದಳು. ಮೊನ್ನೆ ಫೋನು ಬಂತು.

"ಆಯಿ, ಪಕ್ಕದ ದೇಶದ ಜೋಡಿ ಸಮುದ್ರದ ಗಡಿಗೆ ಸಹಿ ಆತು. ನಮ್ಮಪ್ಪ ಹುಟ್ಟೂಕಿಂತ ಮೊದಲಿನ ತಕರಾರು. ನಾನೂ ಕೂಡಿ ತಯಾರು ಮಾಡಿದ ಗೆರಿ ನಕಾಶೆದಾಗ ಐತಿ. ಎರಡೂ ಕಡಿಯವರು ಕೈ ಕುಲುಕಿ ಚಾ ಕುಡದ್ರು."

ನನಗೆ ನಿಲ್ಲಲಾಗಲಿಲ್ಲ. ಓಣಿಯವರಿಗೆಲ್ಲ ಹೇಳಿದೆ, ತರಕಾರಿಯವನಿಗೂ ಹೇಳಿದೆ. ಆದರೂ ಹೊಟ್ಟೆ ತುಂಬಲಿಲ್ಲ. ಸೀದಾ ತಾರ್ನಾಕಕ್ಕೆ ಹೋಗಿ ಆ ಮನೆಯ ಬಾಗಿಲು ಬಡಿದೆ. ಈಗ ಅಲ್ಲಿ ಬೇರೆಯವರಿದ್ದಾರೆ. ತೆಲುಗಿನ ಹೆಣ್ಣುಮಗಳೊಬ್ಬಳು ಬಂದು ಯಾರು ಬೇಕು ಎಂದಳು. ಯಾರೂ ಬೇಡವ್ವ, ಈ ಮನೆಗೆ ಒಂದು ಸುದ್ದಿ ಹೇಳುವುದಿತ್ತು ಎಂದು ನನಗೆ ಬಂದ ತೆಲುಗಿನಲ್ಲಿ ಶುರು ಮಾಡಿದೆ. ಅವಳು ಒಳಗೆ ಕರೆದು, ಕುರ್ಚಿ ಕೊಟ್ಟು, ಮೊದಲಿನಿಂದ ಹೇಳಿ ಎಂದಳು. ಮಾಸ್ತರು ಮಂಡಿಯೂರುತ್ತಿದ್ದ ಆ ನೆಲದ ಕಡೆ ನೋಡುತ್ತ ಎಲ್ಲ ಹೇಳಿದೆ.