ತಟ್ಟೆ ಹಿಡಿದು ಹಾಡುವ ಮಾಮಾಸೋಲಿ ಅಜ್ಜ

ಮಾರ್ಗಿಲಾನ್ ಊರಿನ ಹಾಡುಗಾರ ಮಾಮಾಸೋಲಿ ಅಜ್ಜ ಬಂದರೆಂದರೆ ರೇಡಿಯೋದಲ್ಲಿ ರೆಕಾರ್ಡಿಂಗ್ ಮಾಡುವ ಹಾಲಿಸಾಗೆ ಅರ್ಧ ದಿನ ಹೋದಂತೆಯೇ. ಮೊದಲು ಹಸಿರು ಚಹಾ ಆಗಬೇಕು; ಬಿಸಿಯಾಯಿತೆಂದು ಅದನ್ನು ಆರಿಸಬೇಕು, ಆರಿತೆಂದು ಇನ್ನೊಂದು ತರಿಸಬೇಕು. ಆಮೇಲೆ ಮೈಕಿಗೆ ಸಲಾಮು ಮಾಡಿ, ಅದು ಮಾತಾಡಲಿಲ್ಲವೆಂದು ಮುಖ ಊದಿಸಿಕೊಳ್ಳುತ್ತಾರೆ. ಕೊನೆಗೆ ನಿಲುವಂಗಿಯೊಳಗಿಂದ ಹತ್ತಿಹೂವಿನ ಚಿತ್ರದ ಪಿಂಗಾಣಿ ತಟ್ಟೆ ಹೊರಬರುತ್ತದೆ. ಅದನ್ನು ಬಾಯಿಗೆ ಮರೆಹಿಡಿಯದೆ ಅವರ ಮನೆತನದಲ್ಲಿ ಯಾರೂ ದನಿ ಎತ್ತಿದವರಲ್ಲ. “ತಟ್ಟೆ ಅಡ್ಡ ಬಂದ್ರೆ ಮೈಕಿಗೆ ದನಿ ಸಿಗಲ್ಲ ಅಜ್ಜ” ಎಂದರೆ, “ಹಾಗಾದ್ರೆ ಮೈಕನ್ನ ಬೀದಿಯಲ್ಲಿಡು ಮಗಳೇ, ಅಲ್ಲಿಗೂ ಕೇಳುತ್ತೆ” ಎನ್ನುತ್ತಾರೆ. ಸುಳ್ಳಲ್ಲ, ಅವರು ದನಿ ಏರಿಸಿದ ದಿನ ಎದುರು ಬೀದಿಯ ರೊಟ್ಟಿಯವನು ಮೈಮರೆತು ಒಂದು ತಂದೂರಿನ ರೊಟ್ಟಿಯನ್ನೆಲ್ಲ ಕರಕಲು ಮಾಡಿಕೊಂಡಿದ್ದಾನೆ. ಈ ಹಾಡಿಗೆ ವಾದ್ಯವಿಲ್ಲ. ಇಬ್ಬರು ಒಬ್ಬರಾದ ಮೇಲೊಬ್ಬರು ಒಂದೊಂದು ಸಾಲು ಹಾಡಬೇಕು. ಜೊತೆಗಾರ ತುರ್ದಿವಾಯ್ ತೀರಿಕೊಂಡ ಮೇಲೂ ಅಜ್ಜ ಹಾಡುವುದು ತಮ್ಮ ಪಾಲಿನ ಸಾಲನ್ನು ಮಾತ್ರ. ಹಾಡಿ, ತಟ್ಟೆ ಇಳಿಸಿ, ಅವನ ಸಾಲಿನಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾರೆ. “ನಡುವೆ ಖಾಲಿ ಇರೋದನ್ನ ಕತ್ತರಿಸಿಬಿಡ್ಲಾ?” ಎಂದು ಹಾಲಿಸಾ ಒಮ್ಮೆ ಕೇಳಿದ್ದಳು. “ಬೇಡ. ಉಸಿರು ಹಿಡಿಯೋದ್ರಲ್ಲಿ ನಾನು ಒಂದು ದಿನವೂ ಅವನನ್ನ ಗೆದ್ದಿಲ್ಲ. ಈಗ ನಿನ್ನ ಕತ್ತರಿ ಹಿಡ್ಕೊಂಡು ಗೆಲ್ಲಲಾ?” ಅಂದಿನಿಂದ ಅವಳು ಆ ಮೌನವನ್ನು ಮುಟ್ಟಿಲ್ಲ. ರೆಕಾರ್ಡ್ ಮಾಡಿದ್ದನ್ನು ಕೇಳಿಸಿದಾಗ ಅಜ್ಜ ತಮ್ಮ ಸಾಲುಗಳಿಗೆಲ್ಲ ಹುಬ್ಬು ಗಂಟಿಕ್ಕಿ, ಏನಾದರೊಂದು ತಪ್ಪು ಹುಡುಕುತ್ತಾರೆ. ಆ ಮೌನ ಬಂದಾಗ ಮಾತ್ರ ಕಣ್ಣು ಮುಚ್ಚಿ, ತಲೆದೂಗಿ, “ಭಲೇ” ಎನ್ನುತ್ತಾರೆ.